ನಾಲ್ಕು ಬೆರಳಿನ ಸಾಲು

ಬನಹಟ್ಟಿ
24-11-2024, ರವಿವಾರ

ಕಾಂಚನಾ,

ಇಲ್ಲಿ ನಾನು ಕ್ಷೇಮ ಎಂದು ಬರೆಯಬೇಕು. ಕ್ಷೇಮವೇ ಇದ್ದೇನೆ, ಅನ್ನ ಮಾತ್ರ ತಳ ಹತ್ತುತ್ತಿದೆ.

ನಿನ್ನೆ ನಾವಿಬ್ಬರೂ ಹನ್ನೊಂದು ನಿಮಿಷ ಮಾತಾಡಿದೆವು ಎಂದು ಫೋನು ಹೇಳುತ್ತದೆ. ನಾನು ಆಡಿದ್ದು ಐದು ಮಾತು: ಹೂಂ, ಆತು, ಊಟ ಆತು, ಹೂಂ, ಫೋನ್ ಇಡ್ಲ್ಯಾ. ಉಳಿದದ್ದೆಲ್ಲ ನಿನ್ನ ಉಸಿರು, ನನ್ನ ಉಸಿರು, ಹಿಂದೆ ನಿಮ್ಮ ಸಕ್ಕರೆ ಕಾರ್ಖಾನೆಯ ಸಪ್ಪಳ. ಇಪ್ಪತ್ತೆರಡು ವರ್ಷ ನಾಲ್ಕು ಪಾವರ್‌ಲೂಮಿನ ಗದ್ದಲದಲ್ಲಿ ಎದುರುಬದುರು ನಿಂತು ಬೆರಳಿನಲ್ಲೇ ಸಂಸಾರ ಮಾಡಿದವರು ನಾವು. ಎಳೆ ಹರಿಯಿತೇ, ಮೂರು ಬೆರಳು ಕೆಳಗೆ: ಮಗ್ಗ ನಿಲ್ಲಿಸು. ಮೂರು ಬೆರಳು ಮೇಲೆ: ಚಾಲೂ ಮಾಡು. ಫೋನಿನಲ್ಲಿ ಬೆರಳು ಕಾಣುವುದಿಲ್ಲ. ವಿಡಿಯೋ ಮಾಡೋಣವೆಂದರೆ ಒಂದು ಕೈ ಫೋನು ಹಿಡಿಯಲು ಹೋಗುತ್ತದೆ, ಉಳಿದ ಒಂಟಿ ಕೈಯಲ್ಲಿ ಅರ್ಧ ಮಾತಷ್ಟೇ ಬರುತ್ತದೆ. ಇದನ್ನೆಲ್ಲ ಜಮಖಂಡಿಯಲ್ಲಿರುವ ಮಗಳಿಗೆ ಹೇಳಿದೆ. ಪೂರ್ಣಿಮಾ ನಕ್ಕು, "ಅಪ್ಪಾ, ನೀವಿಬ್ರೂ ಪತ್ರ ಬರೀರಿ, ಫೋನಿನ ಮರ್ಯಾದಿನರ ಉಳೀಲಿ" ಅಂದಳು. ಗಂಡನ ಮನೆಗೆ ಹೋದ ಮೇಲೆ ಬುದ್ಧಿವಂತಳಾಗಿದ್ದಾಳೆ.

ಪುಸ್ತಕದ ಭಾಷೆ ನೋಡಿ ನಗಬೇಡ. ಕನ್ನಡ ಮಾಧ್ಯಮದಲ್ಲಿ ಬಿ.ಎ. ಮಾಡಿದ್ದಕ್ಕೆ ನನಗೆ ಸಿಕ್ಕಿದ್ದು ಇದೊಂದೇ. ಪೆನ್ನು ಹಿಡಿದರೆ ಕೈ ತಾನೇ ಅಂಗಿಯ ಗುಂಡಿ ಹಾಕಿಕೊಂಡು ಕೂರುತ್ತದೆ.

ಸುದ್ದಿ ಒಂದಿದೆ. ಮಗ್ಗ ಮಾರಿದ ಮೇಲೆ ನಾನು ಮನೆಯಲ್ಲಿ ಕೂತು ಗೋಡೆಯ ಹಲ್ಲಿಗಳ ಪರಿಚಯ ಮಾಡಿಕೊಂಡಿದ್ದು ನಿನಗೆ ಗೊತ್ತು. ನೀನು ಹೋದ ಮರುವಾರ ರಬಕವಿಯ ಮಲ್ಲಿನಾಥ ಕರೆದ. ಸೀರೆಯ ದಡಿ, ಸೆರಗಿನ ಚಿತ್ತಾರವನ್ನು ಕಂಪ್ಯೂಟರಿನಲ್ಲಿ ಚೌಕಳಿ ಚೌಕಳಿಯಾಗಿ ಬಿಡಿಸಿ ಜಕಾರ್ಡ್ ಮಗ್ಗದವರಿಗೆ ಕೊಡುತ್ತಾನಲ್ಲ, ಆ ಕೆಲಸಕ್ಕೆ. "ಈಶ್ವರಣ್ಣಾ, ಚಿತ್ತಾರ ನಿನ್ನ ಕಣ್ಣಾಗ ಐತಿ, ಮಷೀನ ನಾ ಕೊಡ್ತೇನಿ" ಎಂದು ಒಂದು ಹಳೆಯ ಲ್ಯಾಪ್‌ಟಾಪ್ ಕೊಟ್ಟಿದ್ದಾನೆ. ಮನೆಗೂ ಒಯ್ದು ಮಾಡು ಎಂದು ಚೀಲವನ್ನೂ ಕೊಟ್ಟಿದ್ದಾನೆ. ಮೊದಲ ದಿನ ಅದನ್ನು ಹೆಗಲಿಗೆ ಹಾಕಿಕೊಂಡು ಮನೆಗೆ ಬರುವ ಆಟೋದಲ್ಲಿ ಕೂತಾಗ, ಮಗ್ಗವನ್ನೇ ಬಗಲಿಗೆ ಹಾಕಿಕೊಂಡು ಹೊರಟವನ ಹಾಗೆ ನಗು ಬಂತು.

ಅದರೊಳಗಿರುವುದು ಲಿನಕ್ಸ್. ಅದು ಯಾರೊಬ್ಬರ ಆಸ್ತಿಯೂ ಅಲ್ಲವಂತೆ. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಮಗೆ ಬೇಕಾದ ಹಾಗೆ ತಿದ್ದಬಹುದು, ಊರ ಬಾವಿ ಇದ್ದ ಹಾಗೆ. ಮೌಸ್ ಕೊಟ್ಟಿಲ್ಲ. ಕೀಲಿಗಳ ಕೆಳಗೆ ಅಂಗೈಯಷ್ಟು ಒಂದು ನುಣುಪು ಹಲಗೆ ಇದೆ, ಟ್ರ್ಯಾಕ್‌ಪ್ಯಾಡ್ ಅನ್ನುತ್ತಾರೆ. ಅದರ ಮೇಲೆ ಒಂದು ಬೆರಳು ಸರಿಸಿದರೆ ಪರದೆಯ ಮೇಲೆ ಬಾಣ ಓಡುತ್ತದೆ. ಎರಡು ಸರಿಸಿದರೆ ಹಾಳೆ ಸರಿಯುತ್ತದೆ. ಮೂರು ಬೆರಳು ಮೇಲಕ್ಕೆ ಸರಿಸಿದರೆ ತೆರೆದಿಟ್ಟ ಕಿಟಕಿಗಳೆಲ್ಲ ಒಮ್ಮೆಗೇ ಕಾಣುತ್ತವೆ.

ಮಲ್ಲಿನಾಥನಿಗೆ ಕಾಣುತ್ತವೆ. ನಾನು ಮೂರು ಬೆರಳು ಇಟ್ಟರೆ ಯಂತ್ರ ಎರಡೇ ಎನ್ನುತ್ತದೆ. "ಒತ್ತಿ ಇಡಣ್ಣಾ" ಅಂದ. ಒತ್ತಿದೆ. "ಅಷ್ಟ ಅಲ್ಲ ಮಾರಾಯಾ, ಹಲಗಿ ಒಡೀತೈತಿ!" ಅಂದ. ಕಡೆಗೆ ಕಾರಣ ಸಿಕ್ಕಿತು. ಹರಿದ ಎಳೆಗೆ ಗಂಟು ಹಾಕಿ ಹಾಕಿ ನನ್ನ ನಡುಬೆರಳಿನ ತುದಿ ದಡ್ಡುಗಟ್ಟಿದೆಯಲ್ಲ, ಆ ಗಟ್ಟಿ ಚರ್ಮದ ಒಳಗೆ ಜೀವಂತ ಬೆರಳೊಂದು ಇದೆಯೆಂದು ಹಲಗೆಗೆ ತಿಳಿಯುವುದೇ ಇಲ್ಲ.

ಕಬ್ಬಿನ ಹಂಗಾಮು ಮಾರ್ಚಿಗೆ ಮುಗಿಯುತ್ತದೆ, ಅಲ್ಲವೇ?

ಮೂರಿಟ್ಟರ ಎರಡ ಅಂತೈತಿ ಹಲಗಿ,
ಒಬ್ಬನ ಏಳ್ತೇನಿ ಇಬ್ಬರ ಮನ್ಯಾಗ ಮಲಗಿ.

ಎಣಿಕೆಗೆ ಸಿಗದ ಬೆರಳಿನ
ಈಶ್ವರ


ಬಾಡಗಂಡಿ
8-12-2024

ಮನಿಯವರಿಗೆ,

ಪತ್ರ ಮುಟ್ಟಿತು. ಅನ್ನ ತಳ ಹತ್ತಿದ್ರ ಒಲಿ ಸಣ್ಣ ಮಾಡ್ರಿ, ಅದಕ್ಕ ಬಿ.ಎ. ಬೇಕಾಗಿಲ್ಲ. ನನ್ನ ಅಕ್ಷರಕ್ಕ ನಗಬ್ಯಾಡ್ರಿ. ಎಂಟನೇತ್ತೆ ಸಾಲಿ ಬಿಟ್ಟ ಮ್ಯಾಲೆ ಕಿರಾಣಿ ಚೀಟಿ ಬಿಟ್ರ ನಾ ಏನೂ ಬರದಾಕಿ ಅಲ್ಲ.

ಇಲ್ಲಿ ಕಾರ್ಖಾನಿ ಕ್ಯಾಂಟೀನಿನ್ಯಾಗ ನಾವು ಏಳು ಮಂದಿ ಹೆಣಮಕ್ಕಳು ರೊಟ್ಟಿ ಬಡೀತೇವಿ. ಲೋಕಾಪುರದ ಸಂಧ್ಯಾ ಅಂತ, ಆಕಿ ನಮಗೆಲ್ಲಾ ಹಿರ್ಯಾಕಿ. ಗೋಡಿ ಆಚಿಕಡೆ ಕಬ್ಬು ಅರಿಯೂ ಮಷೀನ. ಮೊದಲನೇ ದಿನ ಆ ಸಪ್ಪಳಕ್ಕ ಉಳಿದವ್ರು ತಲಿ ಹಿಡಕೊಂಡು ಕುಂತ್ರು. ನನಗ ತವರಮನಿಗೆ ಬಂದಂಗ ಆತು. ನಮ್ಮ ಮಗ್ಗ ನಿಂತು ಎಂಟು ತಿಂಗಳಿಗೆ ಕಣ್ತುಂಬ ನಿದ್ದಿ ಹತ್ತಿತು. ನಮ್ಮ ಮನ್ಯಾಗ ಆ ಎಂಟು ತಿಂಗಳು ರೊಟ್ಟಿ ಅಗಿಯೂ ಸಪ್ಪಳ ಸೈತ ಕೇಳತಿತ್ತು.

ಇಲ್ಲಿ ಮಾತು ಕೇಳಂಗಿಲ್ಲ ಅಂತ ಎಲ್ಲಾರೂ ಚೀರ್‍ಯಾಡಾಕತ್ತಿದ್ರು. ನಾ ಅವ್ರಿಗೆ ನಮ್ಮ ಮಗ್ಗದ ಶೆಡ್ಡಿನ ಬೆರಳು ಕಲಿಸೇನಿ. ಮೂರು ಕೆಳಗ ಅಂದ್ರ ಒಲಿ ಆರಸು. ಮೂರು ಮ್ಯಾಲ ಅಂದ್ರ ಹಚ್ಚು. ಒಂದು ವಾರದಾಗ ಕಲತ್ರು. ಈಗ ಕ್ಯಾಂಟೀನ ತಣ್ಣಗೈತಿ. ಸಾಹೇಬರು ಬಂದು, ಯಾಕ ಇವರೆಲ್ಲಾ ಜಗಳ ಆಡ್ಯಾರೇನು ಅಂತ ಕೇಳಿ ಹೋದ್ರು.

ಬೆರಳಿಗೆ ಔಷಧ ಬರೀತೇನಿ. ಬಿಸಿನೀರಾಗ ಉಪ್ಪು ಹಾಕಿ ಹತ್ತು ನಿಮಿಷ ಕೈ ಇಡ್ರಿ, ಆಮ್ಯಾಲೆ ಔಡಲೆಣ್ಣಿ ತಿಕ್ಕ್ರಿ. ಮಗ್ಗ ಮುಟ್ಟದಿದ್ರ ತಾನ ಮೆತ್ತಗಾಗತೈತಿ. ನಂದು ಆಗೈತಿ. ನಂದು ಈಗ ಬೆರಳು ಬಿಟ್ಟು ಅಂಗೈ ದಡ್ಡುಗಟ್ಟೈತಿ, ರೊಟ್ಟಿ ಬಡದು.

ಹಂಗಾಮು ಮಾರ್ಚಿಗೆ ಮುಗೀತೈತಿ. ನೀವು ಕೇಳಿದ್ದು ಅಷ್ಟ, ನಾ ಹೇಳಿದ್ದೂ ಅಷ್ಟ.

ಕಾಂಚನಾ

(ಹಿಂದಿನ ಮಗ್ಗಲ ನೋಡ್ರಿ) ಎಣ್ಣಿ ಹಚ್ಚಿದ ಕೈಲೆ ಮಷೀನ ಮುಟ್ಟಬ್ಯಾಡ್ರಿ.


ಬನಹಟ್ಟಿ
29-12-2024

ಕಾಂಚನಾ,

ಎಣ್ಣೆ ಹಚ್ಚಿದ ಕೈಯಲ್ಲೇ ಮುಟ್ಟಿದೆ. ನಿನ್ನ ಕಡೆಯ ಸಾಲು ಹಾಳೆಯ ಹಿಂದಿತ್ತು, ಕಂಡದ್ದು ಆಮೇಲೆ. ನಾಲ್ಕು ದಿನ ಪರದೆಯ ಮೇಲಿನ ಬಾಣ ಕುಡಿದವರ ಹಾಗೆ ಓಡಾಡಿತು. ಒಂದು ನವಿಲಿಗೆ ಮೂರು ಕಾಲು ಬಂದವು. ಮಲ್ಲಿನಾಥ ನೋಡಿ, "ಇರಲಿ ಬಿಡಣ್ಣಾ, ಒಂದು ಕಾಲು ನಿರಿಗ್ಯಾಗ ಹೋಗತೈತಿ" ಅಂದ.

ಆದರೆ ಹದಿನೈದು ದಿನಕ್ಕೆ ಚರ್ಮ ಮೆತ್ತಗಾಗಿ ಹಲಗೆ ನನ್ನ ಮೂರನೇ ಬೆರಳನ್ನು ಒಪ್ಪಿಕೊಂಡಿತು. ಮಲ್ಲಿನಾಥ ಪೇಢೆ ತಂದ. ನಾನೂ ತಿಂದೆ, ನಕ್ಕೆ. ಮನೆಗೆ ಬಂದು ಬೆರಳಿನ ತುದಿಯನ್ನು ಕೆನ್ನೆಗೆ ಒತ್ತಿ ನೋಡಿದೆ. ಸಾಲಿ ಮಾಸ್ತರರ ಕೈಯ ಹಾಗೆ ಮೆತ್ತಗೆ. ಇಪ್ಪತ್ತೆರಡು ವರ್ಷದ ಮಗ್ಗ ಒಂದು ಬಾಟಲಿ ಔಡಲೆಣ್ಣೆಗೆ ಹೋಯಿತು. ಮುಂದೆ ಎಂದಾದರೂ ಈ ಕೈ ಮುಟ್ಟಿದರೆ, ಯಾರದಿದು ಎಂದು ಕೇಳಬೇಡ.

ಈಗ ಮುಖ್ಯ ಸಂಗತಿ. ಮೂರು ಬೆರಳು ಸರಿಸಿದರೆ ಇಂಥದ್ದೇ ಆಗಬೇಕೆಂಬುದು ಯಾರೋ ಇಟ್ಟ ನಿಯಮ. ಲಿನಕ್ಸಿನಲ್ಲಿ ನಮ್ಮ ನಿಯಮ ನಾವೇ ಇಡಬಹುದು. ಅದಕ್ಕೊಂದು ಪುಟ್ಟ ಪ್ರೋಗ್ರಾಮು ಹಾಕಿಕೊಂಡು, ಒಂದು ಫೈಲಿನಲ್ಲಿ ಸಾಲು ಸಾಲಾಗಿ ಬರೆದಿಡಬೇಕು: ಬೆರಳು ಎತ್ತ ಸರಿಯುತ್ತವೆ, ಎಷ್ಟು ಬೆರಳು, ಸರಿದರೆ ಏನಾಗಬೇಕು. ಒಂದು ಸನ್ನೆಗೆ ಒಂದು ಸಾಲು. ಸೂಚನೆಯೆಲ್ಲ ಇಂಗ್ಲಿಷಿನಲ್ಲಿ. ನಿಘಂಟು ಇಟ್ಟುಕೊಂಡು ಮೂರು ದಿನ ಓದಿದೆ. ನಿಘಂಟಿನಲ್ಲಿದ್ದ ಮಾತು ಸೂಚನೆಯಲ್ಲಿಲ್ಲ, ಸೂಚನೆಯಲ್ಲಿದ್ದ ಮಾತು ನಿಘಂಟಿನಲ್ಲಿಲ್ಲ.

ಬರೆದ ಮೇಲೂ ಯಂತ್ರ ಒಪ್ಪಲಿಲ್ಲ. ಬೆರಳಿನ ಚಲನೆ ಓದುವ ಅಧಿಕಾರ ಬೇಕಾದರೆ ಅದರೊಳಗಿನ ಒಂದು ಗುಂಪಿನ ಸದಸ್ಯನಾಗಬೇಕಂತೆ. ನೇಕಾರರ ಸಂಘದಲ್ಲಿ ಸದಸ್ಯನಾಗಲು ಎರಡು ವರ್ಷ ಓಡಾಡಿದವನು ನಾನು, ಇಲ್ಲಿ ಒಂದೇ ಸಾಲಿಗೆ ಆಯಿತು. ಆದರೂ ನಡೆಯಲಿಲ್ಲ. ಅರ್ಧ ದಿನ ಹಣೆ ಹಣೆ ಬಡಿದುಕೊಂಡ ಮೇಲೆ ಸೂಚನೆಯ ಕಡೆಯ ಸಾಲು ಓದಿದೆ: ಸದಸ್ಯನಾದವನು ಒಮ್ಮೆ ಯಂತ್ರದಿಂದ ಹೊರಗೆ ಹೋಗಿ, ಅಂದರೆ ಲಾಗ್‌ಔಟ್ ಆಗಿ, ಮತ್ತೆ ಒಳಗೆ ಬರಬೇಕು, ಆಗಲೇ ಅದು ಜಾರಿ. ಕಡೆಯ ಸಾಲು ನಾನು ಯಾವಾಗಲೂ ತಡವಾಗಿಯೇ ಓದುತ್ತೇನೆ. ಹೊರಗೆ ಹೋದೆ, ಒಳಗೆ ಬಂದೆ, ನಡೆಯಿತು. ಹೊರಗೆ ಹೋಗುವುದು ತಪ್ಪೇನಲ್ಲ ಎಂದು ಆಗ ಅನ್ನಿಸಿತು, ಮತ್ತೆ ಒಳಗೆ ಬರುವುದಿದ್ದರೆ.

ನಾನು ಏನು ಬರೆದಿದ್ದೇನೆ ಗೊತ್ತೇ? ನಮ್ಮ ಶೆಡ್ಡು. ಮೂರು ಬೆರಳು ಕೆಳಗೆ ಸರಿಸಿದರೆ ಕಿಟಕಿಗಳೆಲ್ಲ ಇಳಿದು ಮರೆಯಾಗುತ್ತವೆ, ಅಂದರೆ ಮಗ್ಗ ನಿಂತಿತು. ಮೇಲೆ ಸರಿಸಿದರೆ ಮತ್ತೆ ಚಾಲೂ. ಮೂರು ಬಲಕ್ಕೆ ಎಂದರೆ "ಕಂಡಿಕಿ ತೀರಿತು, ನೂಲು ತಾ" ಅನ್ನುತ್ತಿದ್ದೆವಲ್ಲ, ಈಗ ಅದಕ್ಕೆ ಬಣ್ಣದ ಪೆಟ್ಟಿಗೆ ತೆರೆಯುತ್ತದೆ. ಮೂರು ಎಡಕ್ಕೆ, "ತಪ್ಪಿತು, ಹಿಂದಕ್ಕ ಬಿಚ್ಚು": ಕಡೆಗೆ ಎಳೆದ ಗೆರೆ ಅಳಿಯುತ್ತದೆ. ಈಗ ಕೆಲಸ ಮಾಡುವಾಗ ಬೆರಳು ವಿಚಾರ ಮಾಡುವುದಿಲ್ಲ, ತಾನೇ ಹೋಗುತ್ತದೆ. "ಅಣ್ಣಾ, ನೀ ಮಷೀನ ಜೋಡಿ ಮಾತಾಡಾಕತ್ತಿ" ಅಂದ ಮಲ್ಲಿನಾಥ. ಹೌದು. ಅದಕ್ಕೆ ಒಂದೇ ಮಾತಿಗೆ ತಿಳಿಯುತ್ತದೆ.

ನೀನು ನಮ್ಮ ಬೆರಳನ್ನು ಆರು ಮಂದಿಗೆ ಕಲಿಸಿದೆ ಎಂದು ಓದಿದ ದಿನ ಚಹಾ ಇಳಿಯಲಿಲ್ಲ. ಸಿಟ್ಟಲ್ಲ. ಅದು ಇಬ್ಬರದೇ ಎಂದುಕೊಂಡಿದ್ದೆ.

ಇಬ್ಬರ ಗುಟ್ಟು ಎಂಟು ಮಂದಿದಾತು,
ನಂದು ಹಲಗಿ ಮುಂದ ಹೇಳೂದಾತು.

ಮೂರನೇ ಬೆರಳು ಮರಳಿ ಪಡೆದ
ಈಶ್ವರ


ಬಾಡಗಂಡಿ
14-1-2025, ಸಂಕ್ರಮಣ

ಮನಿಯವರಿಗೆ,

ಈ ಪತ್ರದ ಜೋಡಿ ಕುಸುರೆಳ್ಳು ಕಳಿಸೇನಿ. ಮೊದಲ ಎಳ್ಳು ತಿನ್ನ್ರಿ, ಆಮ್ಯಾಲೆ ಓದ್ರಿ. ಪತ್ರದಾಗ ಸಿಹಿ ಇಲ್ಲ.

ನಾ ಆರು ಮಂದಿ ಹೆಣಮಕ್ಕಳಿಗೆ ಕಲಿಸಿದ್ದಕ್ಕ ನಿಮಗ ಚಹಾ ಇಳೀಲಿಲ್ಲ. ನೀವು ಒಂದು ತಗಡಿನ ಡಬ್ಬಿಗೆ ಕಲಿಸೀರಿ. ನಮ್ಮ ಹೆಣಮಕ್ಕಳು ತಿರುಗಿ ನಗತಾರ, ನಿಮ್ಮ ಡಬ್ಬಿ ನಗತೈತೇನು? ಅದಕ್ಕ ಒಂದೇ ಮಾತಿಗೆ ತಿಳೀತೈತಿ ಅಂತ ಬರದೀರಿ. ನನಗ ತಿಳೀತಿದ್ದಿಲ್ಲೇನು? ಮಗ್ಗ ನಿಂತ ಮ್ಯಾಲೆ ಎಂಟು ತಿಂಗಳು ನೀವು ಒಂದು ಮಾತರ ಆಡೀರೇನು, ನನಗ ತಿಳಿಯಾಕ? ಉಪ್ಪು ಬೇಕಾದ್ರ ಬೆರಳು ತೋರಸ್ತಿದ್ರಿ. ನೀರು ಬೇಕಾದ್ರ ಬೆರಳು. ನಾ "ಏನರ ಮಾತಾಡ್ರಿ" ಅಂದ್ರ ಒಂದು ಪ್ರಾಸ ಹೇಳಿ ಹೊರಗ ಹೋಗತಿದ್ರಿ.

ಮೂರು ಬೆರಳಿಂದು ಎಲ್ಲಾ ಬರದು ನಾಲ್ಕರದು ಬಿಟ್ಟೀರಿ. ಅದನ್ನ ಯಾತಕ್ಕ ಹಚ್ಚೀರಿ? ಅದು ನಾ ಮಾಡಿದ ಬೆರಳು. ಲಗ್ನ ಆದ ಮೊದಲನೇ ವರ್ಷ, ನಮ್ಮಿಬ್ಬರ ಮಗ್ಗದ ನಡುವ ಅತ್ತಿಯವರು, ಕಸ್ತೂರೆವ್ವನವರು, ಕಂಡಿಕಿ ಸುತ್ತಕೋತ ಕುಂದರತಿದ್ರು. ತಲಿ ಎತ್ತಾಕ ನನಗ ನಾಚಿಕಿ. ಒಂದು ದಿನ ನಾ ಸುಮ್ಮ ನಾಲ್ಕು ಬೆರಳು ಎತ್ತಿದೆ. ನೀವು ಗಾಬರಿಯಾಗಿ, ಏನು ಹರೀತು, ಏನು ತೀರಿತು ಅಂತ ಕೈ ಮಾಡಿ ಕೇಳಿದ್ರಿ. ಏನೂ ಇಲ್ಲ, ಇತ್ತ ನೋಡ್ರಿ ಅಂತ ಅಷ್ಟ. ಉಳಿದ ಬೆರಳಿಗೆಲ್ಲಾ ಒಂದೊಂದು ಕೆಲಸ ಇತ್ತು, ಇದಕ್ಕ ಕೆಲಸ ಇದ್ದಿಲ್ಲ. ಇದನ್ನ ನಾ ಕ್ಯಾಂಟೀನಿನ್ಯಾಗ ಯಾರಿಗೂ ಕಲಿಸಿಲ್ಲ. ನೀವು ಇದನ್ನ ಬಣ್ಣದ ಪೆಟಿಗಿ ತಗಿಯಾಕ ಹಚ್ಚಿದ್ರ ಖರೆ ಹೇಳ್ರಿ.

ಇನ್ನೊಂದು. ಹಂಗಾಮು ಮುಗಿದ ಮ್ಯಾಲೆ ಸಂಧ್ಯಾ ಲೋಕಾಪುರದಾಗ ಕಡಕ್ ರೊಟ್ಟಿ ಮಾಡೂ ಕೇಂದ್ರ ಚಾಲೂ ಮಾಡಾಕಿ. ನನಗ ಬಾ ಅಂದಾಳ. ಬಂದು ಹೋಗೂದಲ್ಲ, ಅಲ್ಲೇ ಇರೂದು. ಶಿವರಾತ್ರಿಗೆ ಹೂಂ ಅಥವಾ ಊಂಹೂಂ ಹೇಳಬೇಕು. ಅದಕ್ಕ ನಿಮಗ ಕೇಳಾಕತ್ತೇನಿ.

ಕಾರ್ಖಾನಿಗೆ ಬರೂ ಮುಂದೂ ಕೇಳಿದ್ದೆ. ಹೊಸ್ತಿಲದಾಗ ಚೀಲ ಹಿಡಕೊಂಡು ನಿಂತು, "ಹೋಗಲ್ಯಾ?" ಅಂದೆ. ನೀವು ಏನಂದ್ರಿ ನೆನಪೈತೇನು? "ಹೋಗಿ ಬಾ ಹಂಗಾಮಿಗಿ, ಸಕ್ಕರಿ ತಾ ನಮ್ಮ ಮನಿಗಿ." ಪ್ರಾಸ ಛಲೋ ಇತ್ತು. ಬಸ್ಸು ಜಮಖಂಡಿ ದಾಟೂತನಾ ಕಣ್ಣೀರು ನಿಂದರಲಿಲ್ಲ.

ಈ ಸಲ ಪ್ರಾಸ ಬ್ಯಾಡ್ರಿ.

ಕಾಂಚನಾ


ಬನಹಟ್ಟಿ
9-2-2025

ಕಾಂಚನಾ,

ತಡವಾಯಿತು. ಎಳ್ಳು ಅಂದೇ ಮುಗಿಯಿತು, ಪತ್ರ ಇನ್ನೂ ಮುಗಿದಿಲ್ಲ.

ಇಲ್ಲಿ ಒಂದು ಅನಾಹುತ. ಮಲ್ಲಿನಾಥ ಲ್ಯಾಪ್‌ಟಾಪಿಗೆ ಹೊಸ ಆವೃತ್ತಿ ಹಾಕಿದ. ಪರದೆಯನ್ನು ನಡೆಸುವ ಒಳಗಿನ ವ್ಯವಸ್ಥೆಯೇ ಬದಲಾಗಿದೆ. ನನ್ನ ಸನ್ನೆ ಅದಕ್ಕೆ ಈಗಲೂ ಕಾಣುತ್ತದೆ. ಮೂರು ಬೆರಳು, ಕೆಳಗೆ, ಎಂದು ಗುರುತು ಹಿಡಿದದ್ದನ್ನು ತೋರಿಸುತ್ತದೆ ಕೂಡ. ಆದರೆ ಆ ಸನ್ನೆಗೆ ಹಚ್ಚಿದ್ದ ಹಳೆಯ ಆಜ್ಞೆಗಳನ್ನು ಹೊಸ ವ್ಯವಸ್ಥೆ ಕಿವಿಗೆ ಹಾಕಿಕೊಳ್ಳುವುದಿಲ್ಲ. ನೋಡುತ್ತದೆ, ತಿಳಿಯುತ್ತದೆ, ಏನೂ ಮಾಡುವುದಿಲ್ಲ. ಇಂಥವನೊಬ್ಬನನ್ನು ನೀನು ಬಲ್ಲೆ, ಹೆಸರು ಬರೆಯುವುದಿಲ್ಲ.

ಹೊಸದು ಬಂತು, ಹಳೇದು ಹೋತು,
ಕಲಿಸಿದ್ದೆಲ್ಲ ಮರತು ಕೂತು.

ಈಗ ಎಲ್ಲ ಸಾಲುಗಳನ್ನೂ ಹೊಸ ವ್ಯವಸ್ಥೆಗೆ ಒಪ್ಪುವ ಹಾಗೆ ಮತ್ತೆ ಬರೆಯಬೇಕು. ಬರೆಯುತ್ತಿದ್ದೇನೆ.

ನೀನು ಕೇಳಿದ್ದಕ್ಕೆ ಉತ್ತರ. ನಾಲ್ಕು ಬೆರಳಿನದು ಬರೆದಿಲ್ಲ. ಫೈಲಿನಲ್ಲಿ ಆ ಸಾಲು ಖಾಲಿ ಬಿಟ್ಟಿದ್ದೇನೆ. ನಾಲ್ಕು ಬೆರಳು ಇಟ್ಟು ಸರಿಸಿದರೆ ಏನೂ ಆಗುವುದಿಲ್ಲ. ದಿನಕ್ಕೆ ಎರಡು ಮೂರು ಸಲ ಸರಿಸುತ್ತೇನೆ. ಏನೂ ಆಗುವುದಿಲ್ಲ.

ಲೋಕಾಪುರದ ವಿಷಯ ನಾಲ್ಕು ಸಲ ಬರೆದು ಹರಿದೆ. ಪ್ರಾಸ ಬೇಡ ಅಂದೆ. ಆದರೆ ಪ್ರಾಸವಿಲ್ಲದ ನನ್ನ ಬಾಯಿ ಉದ್ದೆಳೆಯ ಹಾಸಿಲ್ಲದ ಮಗ್ಗ. ಲಾಳಿ ಅತ್ತಿಂದಿತ್ತ ಓಡುತ್ತದೆ, ಬಟ್ಟೆ ಹುಟ್ಟುವುದಿಲ್ಲ. ಹಾಗಾಗಿ ಇದೊಂದು, ಸಿಟ್ಟಾಗಬೇಡ:

ಲೋಕಾಪುರದ ಕಡಕ್ ರೊಟ್ಟಿ,
ಗಂಡನಕಿಂತ ಭಾಳ ಗಟ್ಟಿ.

ನಿನ್ನ ಮನಸ್ಸಿಗೆ ಬಂದ ಹಾಗೆ ಮಾಡು.

ನಿನ್ನ
ಈಶ್ವರ


ಬಾಡಗಂಡಿ
18-2-2025

ಮನಿಯವರಿಗೆ,

ಪ್ರಾಸ ಕ್ಯಾಂಟೀನಿನ್ಯಾಗ ಓದಿ ಹೇಳಿದೆ. ಎಲ್ಲಾರೂ ನಕ್ಕರು. ಸಂಧ್ಯಾ "ನಿನ್ನ ಗಂಡ ಭಾರಿ ಅದಾನ ಬಿಡು" ಅಂದ್ಲು. ನಾನೂ ನಕ್ಕೆ. ಆಮ್ಯಾಲೆ ಹಿಟ್ಟು ನಾದೂ ಮುಂದ, ಕಾಂಚನಾ ನೀರು ಹೆಚ್ಚಾತು ಅಂದ್ರು. ನಾ ನೀರು ಹಾಕಿದ್ದಿಲ್ಲ.

ಮನಸ್ಸಿಗೆ ಬಂದಂಗ ಮಾಡು ಅಂದೀರಿ. ನಿಮ್ಮ ಮನಸ್ಸಿನ್ಯಾಗ ಏನೈತಿ ಅಂತ ಕೇಳಿದ್ದೆ.

ಶಿವರಾತ್ರಿ ಮುಂದಿನ ಬುಧವಾರ ಐತಿ.

ಕಾಂಚನಾ


ಬನಹಟ್ಟಿ
22-2-2025, ಶನಿವಾರ

ಕಾಂಚನಾ,

ಇವತ್ತು ಅಂಗಿ ಗುಂಡಿ ಹಾಕಿಲ್ಲ. ಹೆಂಗ ಬರತೈತಿ ಹಂಗ ಬರೀತೇನಿ.

ಹೊಸಾ ಸಿಸ್ಟಮಿಗೆ ಎಲ್ಲಾ ಸಾಲ ಮತ್ತ ಬರಿಯಾಕತ್ತಾಗ ಒಂದು ಹೊಸಾ ಸನ್ನಿ ಸಿಕ್ಕಿತು. ಅದರಾಗ ಬೆರಳು ಸರಸೂದಿಲ್ಲ. ಹಲಗಿ ಮ್ಯಾಲ ಇಟ್ಟು ಸುಮ್ಮ ಹಿಡಿಯೂದು, ಅಲ್ಲಾಡಸಂಗಿಲ್ಲ. ಹಂಗ ಹಿಡದಿದ್ದನ್ನೂ ಮಷೀನ ಒಂದು ಮಾತು ಅಂತ ತಿಳಕೊಂತೈತಿ. ಓದಿ ನನಗ ಭಾಳ ಖುಷಿ ಆತು. ನೋಡು, ಎಂಟು ತಿಂಗಳು ಮನ್ಯಾಗ ನಾ ಮಾಡಿದ್ದು ಇದ ಅಲ್ಲೇನು ಅಂದೆ. ಸುಮ್ಮ ಕುಂತಿದ್ದೆ ಖರೆ, ಕೈ ಬಿಟ್ಟಿದ್ದಿಲ್ಲ. ಕಾಂಚನಾಗ ಅದು ತಿಳೀಬೇಕಿತ್ತು ಅಂದೆ.

ನಾಲ್ಕು ಬೆರಳು ಇಟ್ಟು ಹಿಡದು ಕುಂತೆ. ಏನೂ ಆಗಲಿಲ್ಲ. ಮತ್ತ ಇಟ್ಟೆ. ಭಾಳೊತ್ತು ಹಿಡದೆ. ಏನೂ ಇಲ್ಲ. ನನಗ ಸಿಟ್ಟು ಬಂತು. "ಇಷ್ಟೊತ್ತು ಹಿಡಕೊಂಡು ಕುಂತೇನಿ, ಇದಕ ಯಾಕ ತಿಳಿವಲ್ದು?" ಅಂದೆ. ಮಲ್ಲಿನಾಥ ಬಂದು ನೋಡಿ ನಕ್ಕ. "ಅಣ್ಣಾ, ಫೈಲಿನ್ಯಾಗ ಇದರ ಸಾಲ ಎಲ್ಲಿ ಬರದಿ? ನೀ ಬರದು ತಿಳಿಸಲಾರದ ಅದಕ ಹೆಂಗ ಗೊತ್ತಾಗಬೇಕು?"

ಅಲ್ಲೇ ಎದ್ದು ಮನಿಗೆ ಬಂದೆ. ಅಂವ "ಯಾಕಣ್ಣಾ, ಏನಾತು?" ಅಂತ ಬಾಗಲತನಾ ಬಂದ. ಅವಗೂ ಹೇಳಲಿಲ್ಲ.

ಕಂಡಿಕಿದು, ಬಣ್ಣದ್ದು, ಹಿಂದಕ್ಕ ಬಿಚ್ಚೂದು, ಎಲ್ಲಾ ಆ ಡಬ್ಬಿಗೆ ಬರದು ಕೊಟ್ಟೇನಿ. ಎರಡೆರಡು ಸಲ ಬರದೇನಿ. ನಿನಗ ಒಂದು ಸಾಲ ಬರದಿಲ್ಲ. ಈಗ ಬರೀತೇನಿ.

ನೀ ಚೀಲ ಹಿಡಕೊಂಡು ಹೊಸ್ತಿಲದಾಗ ನಿಂತಾಗ, ಹೋಗಬ್ಯಾಡ ಅನ್ನಬೇಕಂತ ಇತ್ತು. ಬಾಯಿಗೆ ಬರಲಿಲ್ಲ. ಬೆರಳಿಗೂ ಬರಲಿಲ್ಲ. ಶೆಡ್ಡಿನ್ಯಾಗ ಇಬ್ಬರೂ ಎಲ್ಲೂ ಹೋಗತಿದ್ದಿಲ್ಲ, ಹೋಗಬ್ಯಾಡ ಅನ್ನೂ ಬೆರಳು ನಮಗ ಎಂದೂ ಬೇಕಾಗಿದ್ದಿಲ್ಲ. ಆವಾಗ ಕೈಗೆ ಸಿಕ್ಕಿದ್ದು ಆ ಪ್ರಾಸ. ಅದನ್ನ ಕೊಟ್ಟೆ. ನೀ ನಕ್ಕಿ ಅಂತ ತಿಳದೆ. ನೀ ಬೆನ್ನು ತಿರುಗಿಸಿದ್ದಿ, ಮಾರಿ ನನಗ ಕಂಡಿದ್ದಿಲ್ಲ.

ಹೋಗಬ್ಯಾಡ ಕಾಂಚನಾ. ಮನಿಗೆ ಬಾ. ಅಡಗಿಗಲ್ಲ, ಅನ್ನ ಈಗ ತಳ ಹತ್ತಂಗಿಲ್ಲ. ನೀ ಇಲ್ಲದ ನನಗ ಇರಾಕ ಆಗವಲ್ದು.

ಇಷ್ಟ.

ಈಶ್ವರ


ಬಾಡಗಂಡಿ
9-3-2025

ಮನಿಯವರಿಗೆ,

ನಿಮ್ಮ ಪತ್ರ ಶಿವರಾತ್ರಿ ಮರುದಿನ ಬಂತು. ಹಿಂದಿನ ದಿನ ಸಂಜಿಮುಂದ ನಾ ಸಂಧ್ಯಾನ ಕೈಯಾಗ ಕೈ ಇಟ್ಟು ಹೂಂ ಅಂದಿದ್ದೆ.

ಒಂದು ದಿನ ಮೊದಲ ಬಂದಿದ್ರ ಏನಾಗತಿತ್ತು ಅಂತ ಹತ್ತು ದಿನ ವಿಚಾರ ಮಾಡೇನಿ. ಗೊತ್ತಿಲ್ಲ. ಬಂದಿದ್ರೂ ಹೂಂ ಅಂತಿದ್ನೋ ಏನೋ. ಈ ಕೆಲಸ ನನಗ ಸೇರೈತಿ. ಇಪ್ಪತ್ತೆರಡು ವರ್ಷ ನಾ ನೇಯ್ದ ಸೀರಿ ಯಾವ್ಯಾವ ಊರಿಗೆ ಹೋದ್ವೋ, ಯಾರು ಉಟ್ಟರೋ, ಒಬ್ಬರೂ ಬಂದು ಛಲೋ ಆಗೈತಿ ಅಂದಿಲ್ಲ. ಇಲ್ಲಿ ರೊಟ್ಟಿ ಮುರದು ಬಾಯಾಗ ಹಾಕ್ಕೊಂಡು, ಇದು ಕಾಂಚನಾನ ಕೈದು ಅಂತ ಹೇಳ್ತಾರ. ಅದಕ್ಕ ಬನಹಟ್ಟಿಗೆ ಬರಂಗಿಲ್ಲ. ಸಿಟ್ಟಿಲೆ ಅಲ್ಲ. ಮಾತು ಕೊಟ್ಟೇನಿ.

ನಿಮ್ಮ ಪತ್ರ ಹಂಚಿನ ಮುಂದ ನಿಂತು ಓದಿದೆ. ಮೂರು ರೊಟ್ಟಿ ಹೊತ್ತಿ ಕರ್ರಗಾದ್ವು. ಸಂಧ್ಯಾ ಆಚಿಕಡಿಂದ ಮೂರು ಬೆರಳು ಕೆಳಗ ಮಾಡಾಕತ್ತಿದ್ಲಂತ, ಒಲಿ ಆರಸು, ಒಲಿ ಆರಸು ಅಂತ. ನಾ ನೋಡಲಿಲ್ಲ. ಕಡೀಕ ಆಕಿನ ಬಂದು ಆರಿಸಿ, ನನ್ನ ಮಾರಿ ನೋಡಿ, "ಯಾರಿಗರ ಏನರ ಆಗೈತೇನಬೇ?" ಅಂದ್ಲು. "ಇಲ್ಲಬೇ, ನಮ್ಮ ಮನಿಯವರು ಮಾತಾಡ್ಯಾರ" ಅಂದೆ.

ಆಮ್ಯಾಲೆ ನನಗ ಒಂದು ವಿಚಾರ ಬಂತು. ನಮ್ಮ ನಾಲ್ಕು ಮಗ್ಗ ನೆಲಕ್ಕ ಬೋಲ್ಟು ಹೊಡದು ಕೂಡಿಸಿದ್ವು. ಅವು ಎಲ್ಲಿದ್ವೋ ನಾವು ಅಲ್ಲಿರಬೇಕಿತ್ತು. ನಿಮ್ಮ ಈ ಹೊಸಾ ಮಗ್ಗ ಚೀಲದಾಗ ಹಿಡೀತೈತಿ, ಆಟೋದಾಗ ಕುಂದರತೈತಿ ಅಂತ ಮೊದಲನೇ ಪತ್ರದಾಗ ನೀವ ಬರದೀರಿ. ದಡಿ ಬಿಡಸಾಕ ರಬಕವಿನ ಆಗಬೇಕೇನು? ಲೋಕಾಪುರದಾಗ ಕರೆಂಟ್ ಐತಿ. ಕೇಂದ್ರದ ಮಗ್ಗಲಕ್ಕ ಒಂದು ಖೋಲಿ ಐತಿ, ಸಣ್ಣದು, ಇಬ್ಬರಿಗೆ ಆಗತೈತಿ. ಮಲ್ಲಿನಾಥಗ ಕೇಳ್ರಿ. ಬೆರಳು ತೋರಸಬ್ಯಾಡ್ರಿ, ಬಾಯಿಲೆ ಕೇಳ್ರಿ.

ಆ ಡಬ್ಬಿನೂ ತರ್ರಿ. ನಾ ಬೈದಿದ್ದು ಮನಸ್ಸಿಗೆ ಹಚ್ಕೋಬ್ಯಾಡ್ರಿ, ಅದಕ್ಕೂ ಹೇಳ್ರಿ. ಸುಮ್ಮ ಹಿಡಿಯೂದು ಅಂತ ಬರದೀರಲ್ಲ, ಅದಕ್ಕ ಏನರ ಒಂದು ಕೆಲಸ ಕೊಡ್ರಿ. ನಾಲ್ಕು ಬೆರಳು ಸರಸೂ ಸಾಲ ಮಾತ್ರ ಖಾಲಿನ ಇರಲಿ. ಅದನ್ನ ಬರೀಬ್ಯಾಡ್ರಿ.

ಯುಗಾದಿ ಹಿಂದಿನ ರವಿವಾರ ನಾ ಲೋಕಾಪುರಕ್ಕ ಹೋಗಿರ್ತೇನಿ. ಮುಧೋಳದಾಗ ಬಸ್ಸು ಬದಲಿಸಿ ಬರ್ರಿ. ಸ್ಟ್ಯಾಂಡಿನ್ಯಾಗ ನಿಂತಿರ್ತೇನಿ. ಅಲ್ಲಿ ಗದ್ದಲ ಭಾಳ, ಕೂಗಿದ್ರ ಕೇಳಂಗಿಲ್ಲ. ಇಳದ ಕೂಡ್ಲೆ ನಾಲ್ಕು ಬೆರಳು ಎತ್ತ್ರಿ. ಅಷ್ಟು ದೂರಕ್ಕ ಅದು ಸಾಕು.

ಹತ್ತರ ಬಂದ ಮ್ಯಾಲೆ ಕೈ ಕೆಳಗ ಇಳಿಸಿ, ಪತ್ರದಾಗ ಬರದದ್ದನ್ನ ಬಾಯಿಲೆ ಹೇಳ್ರಿ. ನಾ ನಡುವ ಏನೂ ಅನ್ನಂಗಿಲ್ಲ. ನಿಂತು ಕೇಳ್ತೇನಿ.

ಕಾಂಚನಾ